ಭೀಮನ ಹೊಳೆಗೆ ಬೂದಿಮಣ್ಣು

ಹಗಲು ಹನ್ನೊಂದೂವರೆ. ಎರಡು ಆಲೂಗಡ್ಡೆ ಬೋದುಗಳ ನಡುವಿನ ಸಾಲಿನಲ್ಲಿ ನೀವು ನಿಂತಿದ್ದೀರಿ. ಮುಂದಿನ ಕಾಲು ಹಿಂದಿನದಕ್ಕಿಂತ ಗೇಣು ಕೆಳಗಿದೆ. ಮೈಯನ್ನು ಹಿಂದಕ್ಕೆ ವಾಲಿಸಿಕೊಂಡು ನಿಲ್ಲದಿದ್ದರೆ ಹೊಲದ ಬುಡ ಮುಟ್ಟುವವರೆಗೂ ತಡೆಯುವವರಿಲ್ಲ. ಕೆಳಗೆ ಚೆಬೊಂಗ್ ಕೆರೆ, ದಡದಲ್ಲಿ ತಗಡಿನ ಮಾಡುಗಳ ಸೆಂಬುಂಗಾನ್ ಹಳ್ಳಿ, ಸುತ್ತಲ ಗುಡ್ಡಗಳ ನೆತ್ತಿಯವರೆಗೂ ಹತ್ತಿಹೋದ ಆಲೂಗಡ್ಡೆ. ಇದು ಜಾವಾ ದ್ವೀಪದ ನಡುಭಾಗದ ದಿಯೆಂಗ್ ಪ್ರಸ್ಥಭೂಮಿ. ನೀವಿರುವ ಜಾಗ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರ. ಜಾವಾದಲ್ಲಿ ಇದಕ್ಕಿಂತ ಎತ್ತರದಲ್ಲಿ ಊರಿಲ್ಲ ಎಂಬುದು ಸೆಂಬುಂಗಾನಿನವರ ಹೆಮ್ಮೆ.

ಸಮಭಾಜಕ ವೃತ್ತದಿಂದ ಏಳೇ ಡಿಗ್ರಿ ದೂರದಲ್ಲಿದ್ದರೂ ಸ್ವೆಟರ್ ಬೇಕು. ಜನವರಿ ಇಲ್ಲಿ ಮಳೆಗಾಲದ ನಡುಭಾಗ. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಕೆಳಗಿನ ಬಯಲಲ್ಲಿ ಅರ್ಜುನ, ಶ್ರೀಖಂಡಿ, ಪುಂತದೇವ, ಸೆಂಬದ್ರ ಎಂಬ ಹೆಸರಿನ ಪುಟ್ಟ ಶಿವಾಲಯಗಳ ನಡುವೆ ಅಡ್ಡಾಡಿ ಬಂದಿರಿ. ಪುಂತದೇವನೆಂದರೆ ನಮ್ಮ ಧರ್ಮರಾಯ, ಸೆಂಬದ್ರ ನಮ್ಮ ಸುಭದ್ರೆ. ಗುಡಿಗಳಿಗೆ ಸಾವಿರದ ಇನ್ನೂರು ವರ್ಷ ದಾಟಿದೆ. ಮಹಾಭಾರತದ ಹೆಸರುಗಳು ಬಂದದ್ದು ಬಹಳ ಕಾಲದ ಮೇಲೆ, ಕಟ್ಟಿದವರು ಏನೆಂದು ಕರೆದರೋ ಯಾರೂ ಬರೆದಿಟ್ಟಿಲ್ಲ. ಬಯಲಿನ ಆಚೆ ಸಿಕಿದಾಂಗ್ ಎಂಬ ಬಾಯಿಯಿಂದ ಗಂಧಕದ ಹೊಗೆ ಏಳುತ್ತಿತ್ತು. ದಿಯೆಂಗ್ ಎಂದರೆ ಒಂದು ಅಗ್ನಿಪರ್ವತವಲ್ಲ, ಹಲವು ಬಾಯಿಗಳ ಒಂದು ಸಂಸಾರ. ಅವು ಸರದಿಯಂತೆ ಸಾವಿರಾರು ವರ್ಷ ಉಗುಳಿದ ಬೂದಿಯೇ ಈಗ ನಿಮ್ಮ ಬೂಟಿನಡಿಯ ಮಣ್ಣು.

ಪಕ್ಕದ ಸಾಲಿನಲ್ಲಿ ಹೊಲ ಮಾಡುವ ಯಜಮಾನರು ಗುದ್ದಲಿಯ ಹಿಡಿಗೆ ಗದ್ದ ಊರಿ ನಿಂತಿದ್ದಾರೆ. ತಲೆಗೆ ಉಣ್ಣೆಯ ಟೊಪ್ಪಿ, ಹೆಗಲಿಗೆ ಚೌಕುಳಿ ಲುಂಗಿ, ಮೊಣಕಾಲುದ್ದದ ರಬ್ಬರ್ ಬೂಟು. ಅವರು ಆಕಾಶ ನೋಡುತ್ತಿಲ್ಲ, ಕೆರೆಯನ್ನು ನೋಡುತ್ತಿದ್ದಾರೆ. ಕೆರೆಯ ಮೇಲೆ ಮಂಜು ಹತ್ತಿತೆಂದರೆ ಇನ್ನರ್ಧ ಗಂಟೆಗೆ ಮಳೆ. ಮಂಜು ಹತ್ತುತ್ತಿದೆ.

ಅಷ್ಟರೊಳಗೆ ಬಗ್ಗಿ ಒಂದು ಹೆಂಟೆ ಎತ್ತಿಕೊಳ್ಳಿ. ನಿಮ್ಮ ಕೈ ಮೋಸಹೋಗುತ್ತದೆ. ಕಣ್ಣು ಅಂದಾಜು ಮಾಡಿದ ತೂಕ ಅದಕ್ಕಿಲ್ಲ. ನಮ್ಮ ಕಡೆಯ ಹೊಲದ ಮಣ್ಣು ಘನ ಸೆಂಟಿಮೀಟರಿಗೆ ಸುಮಾರು 1.3 ಗ್ರಾಂ ತೂಗಿದರೆ, ಅಗ್ನಿಪರ್ವತದ ಬೂದಿ ಕೊಳೆತು ಆದ ಮಣ್ಣು 0.9 ಗ್ರಾಮಿಗಿಂತ ಕಡಿಮೆ ತೂಗುತ್ತದೆ. ಬಣ್ಣ ಕಡುಕಪ್ಪು, ಒಳಗೆಲ್ಲ ಟೊಳ್ಳು. ಬೆರಳ ನಡುವೆ ಹಿಡಿದರೆ ಒಣ ಪುಡಿಯ ಹಾಗೆ ಉದುರುತ್ತದೆ. ಈಗ ಹೆಬ್ಬೆರಳಿನಿಂದ ಒತ್ತಿ ತಿಕ್ಕಿ, ಬಿಡದೆ ತಿಕ್ಕಿ. ಒಂದು ಗಳಿಗೆಯಲ್ಲಿ ಆ ಪುಡಿ ಸೋತು, ಎಲ್ಲಿತ್ತೋ ಅಷ್ಟು ನೀರು ಬಿಟ್ಟು, ಬೆರಳಿಗೆ ಬೆಂಡೆಕಾಯಿ ಲೋಳೆಯ ಹಾಗೆ ಜಾರುತ್ತದೆ. ಒತ್ತುವುದು ನಿಲ್ಲಿಸಿ ಬಿಟ್ಟರೆ ಮತ್ತೆ ಬಿಗಿಯಾಗುತ್ತದೆ.

ಈ ಚಮತ್ಕಾರ ಅಲೋಫೇನ್ ಎಂಬ ಖನಿಜದ್ದು. ಬೂದಿಯಲ್ಲಿರುವುದು ಗಾಜು. ಬಿಸಿಲು-ಮಳೆಗೆ ಆ ಗಾಜು ಬಲು ಬೇಗ ಕರಗಿ, ನ್ಯಾನೋಮೀಟರ್ ಲೆಕ್ಕದ ಪೊಳ್ಳು ಗುಂಡುಗಳಾಗಿ ಮರುಹುಟ್ಟು ಪಡೆಯುತ್ತದೆ. ಒಂದೊಂದು ಗುಂಡಿನ ಅಡ್ಡಳತೆ ನಾಲ್ಕೈದು ನ್ಯಾನೋಮೀಟರ್, ಅಷ್ಟೇ. ಗುಂಡಿನ ಒಳಗೂ ನೀರು, ಹೊರಗೂ ನೀರು. ಗುಂಡುಗಳು ಎಲೆಗೊಬ್ಬರದ ಕಪ್ಪಿನ ಜೊತೆ ಕಚ್ಚಿಕೊಂಡು ಗಟ್ಟಿಯಾದ ಸಣ್ಣ ಹರಳುಗಳಾಗುತ್ತವೆ. ಹನಿ ಹೊಡೆದರೆ ಈ ಹರಳು ನಮ್ಮ ಗೋಡುಮಣ್ಣಿನ ಹಾಗೆ ಪುಡಿಯಾಗಿ ಕೆನೆಗಟ್ಟುವುದಿಲ್ಲ. ಹಾಗಾಗಿ ಮಣ್ಣುವಿಜ್ಞಾನದ ಪುಸ್ತಕ ತೆರೆದರೆ ಬೂದಿಮಣ್ಣು ಸವಕಳಿಯನ್ನು ಚೆನ್ನಾಗಿ ತಡೆಯುವ ಮಣ್ಣುಗಳ ಸಾಲಿನಲ್ಲಿ ಕುಳಿತಿರುತ್ತದೆ. ಆದರೆ ದಿಯೆಂಗಿನ ಗುಡ್ಡಗಳನ್ನು ನೋಡಿದವರಾರೂ ಆ ಮಾತು ನಂಬಲಾರರು. ಈ ಇಬ್ಬಂದಿ ಬಿಡಿಸಿಕೊಳ್ಳಲು ಮಳೆಯಲ್ಲಿ ನಿಂತು ನೋಡುವುದೇ ಒಳ್ಳೆಯದು.

ಮೊದಲ ಹನಿ ಟೊಪ್ಪಿಯ ಮೇಲೆ ಟಪ್ಪೆಂದು ಬೀಳುತ್ತದೆ. ಎರಡನೆಯದು ಆಲೂಗಡ್ಡೆ ಎಲೆಯ ಮೇಲೆ, ಮೂರನೆಯದು ಬರಿಯ ಬೋದಿನ ಮೇಲೆ. ಕುಕ್ಕರಗಾಲಲ್ಲಿ ಕೂತು ಆ ಮೂರನೆಯದನ್ನು ನೋಡಿ. ಐದು ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಒಂಬತ್ತು ಮೀಟರ್ ವೇಗದಲ್ಲಿ ಬಂದು ಮಣ್ಣಿಗೆ ಗುದ್ದುತ್ತದೆ. ಸಣ್ಣದೊಂದು ಕುಳಿ ಬಿದ್ದು, ಕಪ್ಪು ಚುಕ್ಕೆಗಳು ಸುತ್ತ ಚಿಮ್ಮುತ್ತವೆ. ನಿಮ್ಮ ಬೂಟಿನ ಮೇಲೆ ಬಿದ್ದ ಚುಕ್ಕೆ ಎಣಿಸಿ: ಗುಡ್ಡದ ಕಡೆಗಿರುವ ಹಿಮ್ಮಡಿಯ ಮೇಲೆ ರಾಶಿ, ಕೆರೆಯ ಕಡೆಗಿರುವ ತುದಿಯ ಮೇಲೆ ಅಲ್ಲೊಂದು ಇಲ್ಲೊಂದು. ಮೇಲಿನಿಂದ ಹಾರಿಬಂದದ್ದೇ ಹೆಚ್ಚು. ಸಮನೆಲದಲ್ಲಾದರೆ ಚುಕ್ಕೆಗಳು ಎಲ್ಲ ದಿಕ್ಕಿಗೂ ಒಂದೇ ದೂರ ಹಾರಿ ಲೆಕ್ಕ ಸರಿಹೋಗುತ್ತಿತ್ತು. ಇಳಿಜಾರಿನಲ್ಲಿ ಮೇಲಕ್ಕೆ ಹಾರಿದ್ದು ಬೇಗ ನೆಲಕ್ಕೆ ತಾಗುತ್ತದೆ, ಕೆಳಕ್ಕೆ ಹಾರಿದ್ದಕ್ಕೆ ನೆಲ ಸಿಗುವುದು ತಡ. ಅಮೆರಿಕದ ಎಲಿಸನ್ ಎಂಬ ಸಂಶೋಧಕ 1940ರ ದಶಕದಲ್ಲಿ ಇದನ್ನೇ ಅಳೆದ. ನೂರಕ್ಕೆ ಹತ್ತರ ಸಾಧಾರಣ ಇಳಿಜಾರಿನಲ್ಲೇ ಚಿಮ್ಮಿದ ಮಣ್ಣಿನ ಮುಕ್ಕಾಲು ಭಾಗ ಕೆಳಗಿನ ಕಡೆಗೆ ಹೋಗುತ್ತಿತ್ತು. ನೀವು ನಿಂತಿರುವುದು ನೂರಕ್ಕೆ ನಲವತ್ತರ ಇಳಿಜಾರಿನಲ್ಲಿ: ನೂರು ಅಡಿ ಮುಂದೆ ಹೋದರೆ ನಲವತ್ತಡಿ ಇಳಿಯುತ್ತೀರಿ. ಕೋನದ ಲೆಕ್ಕದಲ್ಲಿ ಸುಮಾರು 22 ಡಿಗ್ರಿ.

(ಇಳಿಜಾರಿನ ಪರವಾಗಿಯೂ ಒಂದು ಮಾತು ಹೇಳಿಬಿಡಬೇಕು. ನೇರ ಬೀಳುವ ಮಳೆ ಓರೆ ನೆಲದ ಮೇಲೆ ಹರಡಿಕೊಳ್ಳುತ್ತದೆ, ಹಾಗಾಗಿ ಇಲ್ಲಿಯ ಒಂದು ಚದರ ಮೀಟರ್ ಮಣ್ಣಿಗೆ ಸಮನೆಲಕ್ಕಿಂತ ನೂರಕ್ಕೆ ಏಳು ಪಾಲು ಕಡಿಮೆ ಮಳೆ. ಇದರಿಂದ ಆಗುವ ಲಾಭ ಮುಂದೆ ಆಗಲಿರುವ ನಷ್ಟದ ಮುಂದೆ ಏನೂ ಅಲ್ಲ.)

ಮಳೆ ಹಿಡಿಯಿತು. ಯಜಮಾನರು ಪ್ಲಾಸ್ಟಿಕ್ ಹಾಳೆಯೊಂದನ್ನು ನಿಮ್ಮ ತಲೆಗೂ ಹೊದಿಸಿದ್ದಾರೆ. ಐದು ನಿಮಿಷ, ಹತ್ತು ನಿಮಿಷ. ಎದುರಿನ ಗುಡ್ಡ ಕಾಣುತ್ತಿಲ್ಲ, ಪಕ್ಕದ ಬೋದು ಮಸುಕಾಗಿದೆ, ಆದರೆ ಸಾಲಿನಲ್ಲಿ ನೀರೇ ಇಲ್ಲ. ಇಷ್ಟು ಕಡಿದಾದ ನೆಲದಲ್ಲಿ ಇಷ್ಟು ಹೊತ್ತಿಗೆ ಹೊಳೆ ಹರಿಯಬೇಕಿತ್ತು ಅನ್ನಿಸುತ್ತದೆ. ಬೂದಿಮಣ್ಣು ಕುಡಿಯುತ್ತಿದೆ. ಕುಡಿಯುವಷ್ಟು ಹೊತ್ತೂ ಇಳಿಜಾರು ಕೈಕಟ್ಟಿ ಕೂತಿರಬೇಕು. ನೆಲದೊಳಗೆ ಇಳಿದ ನೀರಿಗೆ ಓಡುವ ವೇಗ ಕೊಡಲು ಅದಕ್ಕೆ ಆಗುವುದಿಲ್ಲ. ಕೆಲವು ಪ್ರಯೋಗಗಳಲ್ಲಿ ಇನ್ನೂ ವಿಚಿತ್ರ ಕಂಡಿದೆ: ಕೆನೆಗಟ್ಟುವ ಮಣ್ಣಿನಲ್ಲಿ ಕಡಿದಾದ ಇಳಿಜಾರಿನ ತುಂಡೇ ಮಂದ ಇಳಿಜಾರಿಗಿಂತ ಹೆಚ್ಚು ನೀರು ಹೀರಿತ್ತು. ಮೇಲ್ಮೈಯಲ್ಲಿ ಕೆನೆ ಕಟ್ಟುವ ಮುಂಚೆಯೇ ಹರಿವು ಅದನ್ನು ಹರಿದು ಹಾಕುತ್ತಿತ್ತಂತೆ. ‘ಕಡಿದಾದಷ್ಟೂ ನೀರು ಜಾಸ್ತಿ ಹರಿಯುತ್ತದೆ’ ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ಯಾವಾಗಲೂ ನಿಜವಲ್ಲ.

ಸಾಲಿನ ತಳ ನೋಡುತ್ತಿರಿ. ಅಲ್ಲಿಯ ಮಣ್ಣನ್ನು ಕಳೆ ತೆಗೆಯುವವರು, ಔಷಧಿ ಹೊಡೆಯುವವರು, ಗೊಬ್ಬರದ ಮೂಟೆ ಹೊತ್ತವರು ವಾರಗಟ್ಟಲೆ ತುಳಿದಿದ್ದಾರೆ. ಬೋದಿನ ಮಣ್ಣು ಕುಡಿಯುವ ಹಾಗೆ ತುಳಿದ ಮಣ್ಣು ಕುಡಿಯುವುದಿಲ್ಲ. ಮೊದಲು ಒಂದು ಹೊಳಪು, ಆಮೇಲೆ ಹೊಳಪಿಗೆ ಚಲನೆ. ಬೆರಳಗಲದ ನೀರಿನ ಎಳೆಯೊಂದು ನಿಮ್ಮ ಬೂಟನ್ನು ಬಳಸಿ ಕೆಳಗಿಳಿಯುತ್ತದೆ. ಎಳೆಯ ಮುಂದೆ ಕಂದು ನೊರೆ, ನೊರೆಯ ಮೇಲೆ ತೇಲುವ ಕಪ್ಪು ಹರಳು. ಮಣ್ಣು ತೇಲುತ್ತಿದೆ! ಜುಲೈ-ಆಗಸ್ಟಿನಲ್ಲಿ ಇಲ್ಲಿ ರಾತ್ರಿ ಹಿಮ ಬಿದ್ದು ಎಲೆ ಸುಡುತ್ತದೆ, ಹಗಲು ಒಣಗಾಳಿ. ಹಾಗೆ ಪೂರಾ ಒಣಗಿದ ಬೂದಿಮಣ್ಣಿನ ಹರಳು ಮತ್ತೆ ಸುಲಭಕ್ಕೆ ನೆನೆಯುವುದಿಲ್ಲ. ಹಗುರ ಬೇರೆ. ಹನಿಯ ಪೆಟ್ಟನ್ನು ತಡೆದುಕೊಂಡ ಆ ಗಟ್ಟಿ ಹರಳನ್ನು ಹರಿಯುವ ನೀರು ಒಡೆಯಬೇಕಾಗಿಯೇ ಇಲ್ಲ, ಎತ್ತಿಕೊಂಡು ಹೋದರೆ ಸಾಕು. ಪುಸ್ತಕದ ಮಾತಿಗೂ ಗುಡ್ಡದ ಮಾತಿಗೂ ನಡುವಿನ ಬಿರುಕು ಇದೇ. ಬೂದಿಮಣ್ಣು ಹನಿಗೆ ಸೋಲುವುದಿಲ್ಲ, ಹರಿವಿಗೆ ಸೋಲುತ್ತದೆ.

ಹರಿವು ಹುಟ್ಟಿದ ಕ್ಷಣದಿಂದ ಇಳಿಜಾರಿನ ಆಟ ಶುರು. ನಿಮ್ಮ ಬೂಟಿನ ಪಕ್ಕದ ಎಳೆ ಎರಡು ಮೀಟರ್ ಕೆಳಗೆ ಅಂಗೈಯಗಲವಾಗಿದೆ. ಅಲ್ಲಿಂದ ಮುಂದೆ ಅದು ನುಣ್ಣಗೆ ಹರಿಯುತ್ತಿಲ್ಲ, ಮೆಟ್ಟಿಲು ಇಳಿಯುತ್ತಿದೆ. ಸಣ್ಣ ಸಣ್ಣ ಜಲಪಾತ, ಒಂದೊಂದೂ ಎರಡು ಬೆರಳೆತ್ತರ. ಬಿದ್ದಲ್ಲಿ ನೀರು ಗಿರಕಿ ಹೊಡೆದು ಗುಂಡಿ ಕೊರೆಯುತ್ತದೆ, ಗುಂಡಿಯ ಹಿಂದಿನ ಗೋಡೆ ಕಳಚಿ ಬೀಳುತ್ತದೆ, ಜಲಪಾತ ಒಂದಂಗುಲ ಮೇಲಕ್ಕೆ ಸರಿಯುತ್ತದೆ. ನೀರು ಕೆಳಮುಖವಾಗಿ ಹೋಗುತ್ತಿದ್ದರೆ ಕೊರಕಲು ಮೇಲ್ಮುಖವಾಗಿ, ನಿಮ್ಮ ಕಾಲಿನ ಕಡೆಗೇ ಬರುತ್ತಿದೆ. ಸಡಿಲ ಮಣ್ಣಿನ ಇಂಥ ಕಿರುಗಾಲುವೆಗಳಲ್ಲಿ ನೀರಿನ ವೇಗ ಅಳೆದವರಿಗೆ ಇಳಿಜಾರು ಹೆಚ್ಚಿದರೂ ವೇಗ ಅಷ್ಟಾಗಿ ಹೆಚ್ಚದಿರುವುದು ಕಂಡಿದೆ. ಕಡಿದಾದಷ್ಟೂ ತಳ ಹೆಚ್ಚು ಮೆಟ್ಟಿಲಾಗಿ, ಒರಟಾಗಿ, ಹೆಚ್ಚುವರಿ ಶಕ್ತಿಯೆಲ್ಲ ಕೊರೆಯುವುದಕ್ಕೇ ಖರ್ಚು. ಓಡುವುದಕ್ಕೆ ಸಿಗಬೇಕಾದ ಬಲ ಅಗೆಯುವುದಕ್ಕೆ ಹೋಗುತ್ತದೆ.

ಇದನ್ನೆಲ್ಲ ಒಂದು ಅಂಕಿಯಲ್ಲಿ ಹಿಡಿಯಲು ಬಹಳ ಮಂದಿ ಪಾಡುಪಟ್ಟಿದ್ದಾರೆ. 1940ರಲ್ಲಿ ಜಿಂಗ್ ಎಂಬ ಅಮೆರಿಕದ ಎಂಜಿನಿಯರು ಇಳಿಜಾರು ಎರಡರಷ್ಟಾದರೆ ಕೊಚ್ಚಿಹೋಗುವ ಮಣ್ಣು ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆಂದು ತೋರಿಸಿದ. ಆಮೇಲೆ ವಿಶ್‌ಮಯರ್ ಮತ್ತು ಸ್ಮಿತ್ ಬಂದರು. ಅವರ ಸಮೀಕರಣವೇ ಇವತ್ತಿಗೂ ಜಗತ್ತಿನ ಎಷ್ಟೋ ಸವಕಳಿ ಕಚೇರಿಗಳು ಬಳಸುವ ಲೆಕ್ಕದ ಬೇರು. ಅವರ ಮಾದರಿ ತಾಕು 72.6 ಅಡಿ ಉದ್ದ, ಇಳಿಜಾರು ನೂರಕ್ಕೆ ಒಂಬತ್ತು. ಅಲ್ಲಿ ಕೊಚ್ಚಿದ್ದು ಒಂದು ಬುಟ್ಟಿ ಎಂದಿಟ್ಟುಕೊಳ್ಳಿ. ಅವರ 1978ರ ಸೂತ್ರದಲ್ಲಿ ನಿಮ್ಮ ಕಾಲಡಿಯ ನಲವತ್ತರ ಇಳಿಜಾರು ಹಾಕಿದರೆ ಸುಮಾರು ಹನ್ನೊಂದು ಬುಟ್ಟಿ ಬರುತ್ತದೆ. 1987ರಲ್ಲಿ ಮೆಕ್‌ಕೂಲ್ ಮತ್ತು ಸಂಗಡಿಗರು ತಿದ್ದಿದ ಸೂತ್ರದಲ್ಲಿ ಆರು ಬುಟ್ಟಿಗೂ ಕಡಿಮೆ. ಅರುವತ್ತರ ಇಳಿಜಾರಿಗೆ ಹೋದರೆ ಹಳೆಯದು ಇಪ್ಪತ್ತು ಎನ್ನುತ್ತದೆ, ಹೊಸದು ಎಂಟು. ಒಂದೇ ಗುಡ್ಡ, ಒಂದೇ ಮಳೆ, ಉತ್ತರದಲ್ಲಿ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ. ಕಾರಣ ದೊಡ್ಡದೇನಲ್ಲ. ಹಳೆಯ ಸೂತ್ರಕ್ಕೆ ಆಧಾರವಾದ ಅಳತೆಗಳು ಮೂರರಿಂದ ಹದಿನೆಂಟರ ಇಳಿಜಾರಿನ ಅಮೆರಿಕದ ಹೊಲಗಳವು. ಅಲ್ಲಿಯ ವಕ್ರರೇಖೆಯನ್ನು ಮುಂದಕ್ಕೆ ಎಳೆದು ದಿಯೆಂಗಿನ ಗುಡ್ಡಕ್ಕೆ ಮುಟ್ಟಿಸಿದರೆ ಅದು ಊಹೆಯಾಗುತ್ತದೆಯೇ ಹೊರತು ಅಳತೆಯಾಗುವುದಿಲ್ಲ. ‘ಹೆಕ್ಟೇರಿಗೆ ಇಂತಿಷ್ಟು ಟನ್’ ಎಂದು ವರದಿಗಳು ದಶಮಾಂಶ ಬಿಂದು ಸಮೇತ ಹೇಳುವಾಗ ಯಾವ ಸೂತ್ರ ಹಾಕಿದರು ಎಂದು ಕೇಳುವುದು ಒಳ್ಳೆಯದು.

ಮಣ್ಣು ಕೊಚ್ಚಲು ಇಳಿಜಾರು ಕಡಿದಾಗಿರಲೇಬೇಕೆಂದಿಲ್ಲ, ನಮ್ಮ ವಿಜಯಪುರದ ಕಡೆಯ ಎರೆಭೂಮಿ ನೋಡಿ. ಅದೂ ಬೆಂಕಿಯಿಂದಲೇ ಬಂದದ್ದು. ಆರೂವರೆ ಕೋಟಿ ವರ್ಷದ ಹಿಂದೆ ದಖ್ಖನಿನ ಮೇಲೆ ಹರಡಿದ ಲಾವಾ ಕೊಳೆತು ಆದ ಮಣ್ಣು. ಆದರೆ ಗುಣ ಪೂರಾ ತಿರುವುಮುರುವು. ಎರೆ ನೆನೆದರೆ ಉಬ್ಬಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ, ನೀರು ಒಳಗಿಳಿಯದೆ ಮೇಲೆಯೇ ಉಳಿಯುತ್ತದೆ. ಹಾಗಾಗಿ ಕಣ್ಣಿಗೆ ಸಮತಟ್ಟೆಂದೇ ಕಾಣುವ, ನೂರಕ್ಕೆ ಒಂದೆರಡರ ಇಳಿಜಾರಿನಲ್ಲೇ ಅದು ಕೊಚ್ಚಿಹೋಗುತ್ತದೆ. ಅದಕ್ಕೆಂದೇ ಅಲ್ಲಿಯ ರೈತ ಬಯಲಿನಂಥ ಹೊಲಕ್ಕೂ ಒಡ್ಡು ಹಾಕಿದ. ಇಳಿಜಾರಿನ ಡಿಗ್ರಿಯೊಂದನ್ನೇ ಹಿಡಿದು ಅಪಾಯ ಅಳೆಯುವವರು ಆ ಒಡ್ಡುಗಳ ಮೇಲೊಮ್ಮೆ ನಡೆದಾಡಬೇಕು. ಎಷ್ಟು ನೀರು ಮೇಲೆ ಉಳಿಯುತ್ತದೆ ಎಂಬುದನ್ನು ಮಣ್ಣು ನಿರ್ಧರಿಸುತ್ತದೆ, ಉಳಿದ ನೀರು ಏನು ಮಾಡುತ್ತದೆ ಎಂಬುದನ್ನು ಇಳಿಜಾರು.

ದಿಯೆಂಗಿನಲ್ಲಿ ಮೂರನೆಯ ತೀರ್ಪುಗಾರರೊಬ್ಬರಿದ್ದಾರೆ. ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತಿರುವವರೇ ಅವರು.

ನಿಮ್ಮ ಅಕ್ಕಪಕ್ಕದ ಬೋದುಗಳು ಯಾವ ಕಡೆ ಹೋಗುತ್ತಿವೆ ನೋಡಿ. ಗುಡ್ಡಕ್ಕೆ ಅಡ್ಡಡ್ಡ ಅಲ್ಲ. ನೆತ್ತಿಯಿಂದ ಬುಡದವರೆಗೆ ಹೆಚ್ಚುಕಡಿಮೆ ನೆಟ್ಟಗೆ. ಪ್ರತಿಯೊಂದು ಸಾಲೂ ನೀರಿಗೆ ಮೊದಲೇ ತೋಡಿಟ್ಟ ಕಾಲುವೆ. ಸವಕಳಿಯ ಬಗ್ಗೆ ಅರ್ಧ ಪಾಠ ಓದಿದವನೂ ಇದನ್ನು ಕಂಡರೆ ತಲೆ ಚಚ್ಚಿಕೊಳ್ಳುತ್ತಾನೆ. ದಿಯೆಂಗಿಗೆ ಬರುವ ಪರಿಣತರೆಲ್ಲರೂ ಚಚ್ಚಿಕೊಂಡಿದ್ದಾರೆ. ಯಜಮಾನರಿಗೂ ಅದು ಗೊತ್ತು. ನಿಮ್ಮ ಪ್ರಶ್ನೆ ಬರುವ ಮೊದಲೇ ಅವರು ಬಗ್ಗಿ ಬೋದಿಗೆ ಕೈ ಹಾಕಿ ಒಂದು ಗಿಡದ ಬುಡ ಕೆದರುತ್ತಾರೆ. ಗೋಲಿಯಷ್ಟಾದ ಗಡ್ಡೆಗಳು. ಒಂದನ್ನು ಹಿಚುಕಿದರೆ ಗಟ್ಟಿ. ಅದನ್ನು ಮತ್ತೆ ಮುಚ್ಚಿ, ಕೆಳಗಿನ ತಿರುವಿನಲ್ಲಿ ನೀರು ನಿಂತ ಮೂಲೆ ತೋರಿಸುತ್ತಾರೆ. ಅಲ್ಲಿಯ ಗಿಡಗಳ ಎಲೆಯಂಚು ಕಪ್ಪಾಗಿದೆ, ಬುಡದಿಂದ ಕೊಳೆತ ವಾಸನೆ. ಅಂಗಮಾರಿ. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಈ ಹೆಸರು ಕೇಳಿದರೆ ಎದೆ ಧಸಕ್ಕೆನ್ನುವ ಹಾಗೆ ಇಲ್ಲಿಯವರಿಗೂ ಅನ್ನುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಬಿಡದ ಮಂಜು, ತಂಪು. ಗಡ್ಡೆಯ ಬುಡದಲ್ಲಿ ನೀರು ನಿಂತರೆ ಬೆಳೆ ಹೋಯಿತು. ನೀರನ್ನು ಹೊಲದಿಂದ ಆದಷ್ಟು ಬೇಗ ಆಚೆಗಟ್ಟಬೇಕು, ಅಷ್ಟೇ.

‘ಅಡ್ಡ ಬೋದು ಹಾಕಿ ಅಂತಾರೆ. ಹಾಕಿ ನೋಡಿದವರಿದ್ದಾರೆ. ದೊಡ್ಡ ಮಳೆಯಲ್ಲಿ ಮೇಲಿನ ಬೋದು ಒಡೆಯುತ್ತೆ, ಅದರ ನೀರಿಗೆ ಕೆಳಗಿನದು ಒಡೆಯುತ್ತೆ, ಆಮೇಲೆ ಸಾಲಾಗಿ ಅಷ್ಟೂ’ ಎನ್ನುತ್ತಾರೆ ಯಜಮಾನರು, ಕೈಯನ್ನು ಮೇಲಿನಿಂದ ಕೆಳಗೆ ಸರಕ್ಕನೆ ಎಳೆದು.

ಇದನ್ನು ನೆಪ ಎಂದು ತಳ್ಳಿಹಾಕುವ ಹಾಗಿಲ್ಲ. ಅಡ್ಡ ಬೇಸಾಯದ ಗುಣ ಮಂದ ಇಳಿಜಾರಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆಂದು ವಿಶ್‌ಮಯರ್-ಸ್ಮಿತ್ ಕೋಷ್ಟಕವೇ ಹೇಳುತ್ತದೆ. ನೂರಕ್ಕೆ ಎಂಟರವರೆಗೆ ಸವಕಳಿ ಅರ್ಧಕ್ಕಿಳಿಯುತ್ತದೆ. ಇಪ್ಪತ್ತು ದಾಟಿದ ಮೇಲೆ ಲಾಭ ಕರಗುತ್ತಾ ಬಂದು ಹೆಚ್ಚುಕಡಿಮೆ ಶೂನ್ಯ. ಅಡ್ಡ ಬೋದಿನ ಹಿಂದೆ ನಿಲ್ಲುವ ನೀರಿಗೆ ಕಡಿದಾದ ಇಳಿಜಾರಿನಲ್ಲಿ ಜಾಗವೇ ಸಾಲದು. ಇಂಥ ನೆಲಕ್ಕೆ ಬೇಕಾದದ್ದು ಒಳಮುಖವಾಗಿ ವಾಲಿದ ಪಾವಟಿಗೆ ಹೊಲ, ಅದರ ತುಟಿಗೆ ಹುಲ್ಲು, ನೀರಿಳಿಯುವ ಕಾಲುವೆಗೆ ಕಲ್ಲು. ಪಾವಟಿಗೆಗಳು ದಿಯೆಂಗಿನಲ್ಲಿ ಇಲ್ಲವೆಂದಲ್ಲ, ಎಲ್ಲೆಲ್ಲೂ ಇವೆ. ಆದರೆ ಬಹುಪಾಲು ಹೊರಮುಖವಾಗಿ ವಾಲಿವೆ. ಹೊಲದ ಒಟ್ಟು ಇಳಿಜಾರು ಎಲ್ಲಿತ್ತೋ ಅಲ್ಲೇ, ನಡುನಡುವೆ ಒಂದೊಂದು ಜಿಗಿತ ಬೇರೆ.

ಮಳೆ ಒಂದಿಷ್ಟು ಸಡಿಲಿಸಿದೆ. ಹೊಲದ ಮೇಲಂಚಿಗೆ ಹತ್ತಿ ಹೋಗೋಣ. ನೆತ್ತಿಯ ಹತ್ತಿರ ಮಣ್ಣಿನ ಬಣ್ಣ ಬದಲಾಗುತ್ತದೆ: ಕಪ್ಪು ಮುಗಿದು ಹಳದಿ ಬೆರೆತ ಕಂದು, ನಡುವೆ ಮುಷ್ಟಿಗಾತ್ರದ ಕಲ್ಲುಗಳು. ಗುಡ್ಡದ ಭುಜ ತನ್ನ ಮೇಲುಹೊದಿಕೆ ಕಳೆದುಕೊಂಡಿದೆ. ಆ ಕಪ್ಪು ಈಗ ಬುಡದ ಹೊಲಗಳಲ್ಲಿದೆ, ಕೆರೆಯಲ್ಲಿದೆ. ಇಲ್ಲಿ ಕೋಳಿಗೊಬ್ಬರದ ಮೂಟೆಗಳ ಸಾಲು ಬುಡಕ್ಕಿಂತ ದಟ್ಟ. ಹೋದ ಮಣ್ಣಿನ ಜಾಗಕ್ಕೆ ಯಜಮಾನರು ಕೋಳಿಗೊಬ್ಬರ ಕೊಂಡು ತುಂಬುತ್ತಿದ್ದಾರೆ, ಪ್ರತಿ ಬೆಳೆಗೂ.

ಅಂಚಿನ ಆಚೆ ಕಾಡು ಉಳಿದಿದೆ, ಒಂದು ತುಂಡು. ಒಳಗೆ ಹೆಜ್ಜೆ ಇಡಿ. ಇಳಿಜಾರು ಹೊಲಕ್ಕಿಂತ ಕಡಿದು, ಒಂದು ಕೈಯಲ್ಲಿ ಬೇರು ಹಿಡಿಯದೆ ನಿಲ್ಲಲಾರಿರಿ. ಮಳೆ ಅದೇ. ಆದರೆ ಬೂಟು ಕೆಸರಾಗುವುದಿಲ್ಲ, ಹರಿಯುವ ನೀರಿನ ಸದ್ದಿಲ್ಲ. ಕಾಲು ಒಂದಡಿ ದಪ್ಪದ ಎಲೆ, ಪಾಚಿ, ಬೇರುಗಳ ಮೇಲೆ ಕುಸಿಕುಸಿ ಅನ್ನುತ್ತದೆ. ಎಲೆ ಸರಿಸಿ ನೋಡಿದರೆ ಅಡಿಯ ಮಣ್ಣು ಅದೇ ಕಪ್ಪು, ಅದೇ ಹಗುರ, ಎಲ್ಲೂ ಕೊರೆದ ಗುರುತಿಲ್ಲ. ಹತ್ತು ಹೆಜ್ಜೆ ಹಿಂದೆ, ಇದಕ್ಕಿಂತ ಮಂದವಾದ ಇಳಿಜಾರಿನಲ್ಲಿ, ಮಣ್ಣು ಕೆರೆಗೆ ಓಡುತ್ತಿತ್ತು. ಸೂತ್ರದ ಹನ್ನೊಂದು ಬುಟ್ಟಿ, ಆರು ಬುಟ್ಟಿ ಎರಡೂ ಇಲ್ಲಿ ಅರ್ಥ ಕಳೆದುಕೊಳ್ಳುತ್ತವೆ. ಇಳಿಜಾರು ಗುಣಿಸುವ ಸಂಖ್ಯೆ. ಗುಣಿಸಲು ಮೇಲೆ ಹರಿವೇ ಇಲ್ಲದಿದ್ದರೆ ಸೊನ್ನೆಗೆ ಎಷ್ಟರಿಂದ ಗುಣಿಸಿದರೂ ಸೊನ್ನೆ.

ಇಂಡೊನೇಷ್ಯಾದ ಕಾನೂನಿಗೂ ಇದು ತಿಳಿದಿತ್ತು. ನೂರಕ್ಕೆ ನಲವತ್ತೋ ಅದಕ್ಕೂ ಮೇಲೋ ಇಳಿಜಾರಿರುವ ನೆಲ ರಕ್ಷಿತ ಕಾಡಾಗಿ ಉಳಿಯಬೇಕೆಂದು 1990ರ ಅಧ್ಯಕ್ಷೀಯ ಆದೇಶ ಹೇಳಿತ್ತು. ಅಷ್ಟು ಹೊತ್ತಿಗೆ ಇಲ್ಲಿ ತಂಬಾಕು ಹಿಂದೆ ಸರಿದು ಆಲೂಗಡ್ಡೆ ಗುಡ್ಡ ಹತ್ತತೊಡಗಿತ್ತು. 1998ರಲ್ಲಿ ಅಧ್ಯಕ್ಷ ಸುಹಾರ್ತೊ ಆಡಳಿತ ಬಿದ್ದ ಮೇಲಿನ ಗೊಂದಲದಲ್ಲಿ ಜಾವಾದ ಎಷ್ಟೋ ಕಾಡಿಗೆ ಕೊಡಲಿ ಬಿತ್ತು, ದಿಯೆಂಗೂ ತಪ್ಪಿಸಿಕೊಳ್ಳಲಿಲ್ಲ.

ಕಾಡಿನ ನೆಲ ನೀರು ಕುಡಿದುಬಿಟ್ಟಿತೆಂದರೆ ಕಥೆ ಸುಖಾಂತವೆಂದುಕೊಳ್ಳಬೇಡಿ. ಕುಡಿದ ನೀರಿಗೂ ತೂಕವಿದೆ. ಹಗುರ ಬೂದಿಮಣ್ಣು ತನ್ನ ತೂಕದಷ್ಟೇ ನೀರನ್ನು ಹೊರಬಲ್ಲದು. ಒಂದರ ಮೇಲೊಂದು ಬಿದ್ದ ಬೂದಿಯ ಪದರಗಳಲ್ಲಿ ಯಾವುದೋ ಒಂದು ಬಿಗಿಯಾಗಿದ್ದರೆ ನೀರು ಅದರ ಮೇಲೆ ತಂಗುತ್ತದೆ. ಆಗ ಇಳಿಜಾರು ಎಳೆಯುವುದು ಇಡೀ ಗುಡ್ಡದ ಪಕ್ಕೆಯನ್ನು. ಬೆರಳಿನಿಂದ ತಿಕ್ಕಿದಾಗ ಹೆಂಟೆ ಸೋತು ಜಾರಿತಲ್ಲ, ಅದೇ ಸೋಲು ಗುಡ್ಡದ ಒಳಗೂ ಆಗಬಲ್ಲದು. ಇಲ್ಲಿಂದ ಪಶ್ಚಿಮಕ್ಕೆ, ಪಕ್ಕದ ಬಂಜಾರ್‌ನೆಗಾರ ಜಿಲ್ಲೆಯಲ್ಲಿ, ಲೆಗೆತಾಂಗ್ ಎಂಬ ಊರಿತ್ತು. 1955ರ ಏಪ್ರಿಲ್ 16-17ರ ನಡುವಿನ ರಾತ್ರಿ, ಮಳೆಯ ನಡುವೆ, ಪೆಂಗಾಮುನ್-ಆಮುನ್ ಗುಡ್ಡದ ಒಂದು ಪಾಲು ಕಳಚಿ ಊರಿನ ಮೇಲೆ ಬಿತ್ತು. ಆ ಜಾಗದಲ್ಲಿ ಈಗ ಸ್ಮಾರಕಸ್ತಂಭ, ಊರಿನ 332 ಜನ ಮತ್ತು ಹೊರಗಿನಿಂದ ಬಂದಿದ್ದ 19 ಜನರ ಲೆಕ್ಕದೊಂದಿಗೆ. ಸುತ್ತ ಆಲೂಗಡ್ಡೆ. ಶ್ರೀಮಂತ ಊರು ಪಾಪದ ಭಾರಕ್ಕೆ ಮುಳುಗಿತೆಂದು ಜನ ಕಥೆ ಕಟ್ಟಿದ್ದಾರೆ. ಸತ್ತವರ ಮೇಲೆ ಪಾಪ ಹೊರಿಸುವ ಈ ಚಾಳಿ ನನಗೆ ಎಲ್ಲಿಯದಾದರೂ ಹಿಡಿಸುವುದಿಲ್ಲ. 2014ರ ಡಿಸೆಂಬರ್ 12ರಂದು ಇದೇ ಬಂಜಾರ್‌ನೆಗಾರ ಜಿಲ್ಲೆಯ ಜೆಂಬ್ಲುಂಗ್‌ನಲ್ಲಿ ಮತ್ತೊಂದು ಗುಡ್ಡ ಜಾರಿ ತೊಂಬತ್ತಕ್ಕೂ ಹೆಚ್ಚು ಜನ ಹೋದರು.

ಕತ್ತಲಾಗುತ್ತ ಬಂತು. ಯಜಮಾನರ ಅಡುಗೆಮನೆಯಲ್ಲಿ ಇದ್ದಿಲ ಒಲೆಯ ಸುತ್ತ ಮೋಟು ಮಣೆಗಳು. ಯಜಮಾನತಿ ತೆಂಪೆ ಕೆಮುಲ್ ಕರಿಯುತ್ತಿದ್ದಾರೆ. ಸೋಯಾ ಅವರೆಯ ತೆಳು ಬಿಲ್ಲೆಯನ್ನು ಅರಿಶಿನದ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟದ್ದು, ಜೊತೆಗೆ ಹಸಿಮೆಣಸು ಕಚ್ಚಿಕೊಳ್ಳಬೇಕು. ಸಿಹಿ ಚಹ. ನೀವು ಹೊಲದಲ್ಲಿ ಕಂಡ ನೀರು ಈ ಹೊತ್ತಿಗೆ ಎಲ್ಲಿರಬಹುದು?

ಚೆಬೊಂಗ್ ಕೆರೆಗೆ ಬಿದ್ದದ್ದು ಹೂಳಾಗಿ ಅಲ್ಲೇ ಕೂತಿತು. ಬೇಸಿಗೆಯಲ್ಲಿ ಇದೇ ಕೆರೆಯಿಂದ ಪಂಪು ಹಚ್ಚಿ, ದಾರಿಯುದ್ದಕ್ಕೂ ಹೆಣೆದುಕೊಂಡ ಪೈಪುಗಳಲ್ಲಿ ಮತ್ತೆ ಗುಡ್ಡಕ್ಕೆ ನೀರೆತ್ತುತ್ತಾರೆ. ಹೂಳು ತುಂಬಿದಷ್ಟೂ ಎತ್ತಲು ನೀರು ಕಡಿಮೆ. ಪ್ರಸ್ಥಭೂಮಿಯ ಮಿಕ್ಕ ಹೊಲಗಳ ನೀರು ಸೆರಾಯು ನದಿಯ ದಾರಿ ಹಿಡಿಯುತ್ತದೆ. ಸೆರಾಯುವಿನ ಮೂಲ ಇಲ್ಲೇ, ತುಕ್ ಬಿಮಾ ಲುಕಾರ್ ಎಂಬ ಬುಗ್ಗೆ. ಕೌರವರ ಜೊತೆ ಪಂದ್ಯ ಕಟ್ಟಿ, ಯಾರು ಮೊದಲು ಹೊಳೆ ಹರಿಸುತ್ತಾರೆಂದು ಭೀಮ ಬಟ್ಟೆ ಕಳಚಿ ನಿಂತ ಜಾಗ ಇದೆಂದು ಜಾವಾದವರ ಕಥೆ. ಹೊಳೆ ಹೇಗೆ ಹರಿಸಿದ ಎಂಬುದನ್ನು ಇಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ಮುಸಿನಗುತ್ತಾ ಹೇಳುತ್ತಾರೆ, ಓದುಗರು ಊಹಿಸಿಕೊಳ್ಳಬಹುದು. ಭೀಮನ ಬುಗ್ಗೆಯಿಂದ ಏಳುವ ನೀರು ತಿಳಿ. ನಾಲ್ಕು ತಿರುವು ಇಳಿಯುವುದರೊಳಗೆ ಹೊಲಗಳ ಕಾಲುವೆಗಳು ಕೂಡಿಕೊಂಡು ಅದು ಕಂದಾಗುತ್ತದೆ.

ಬಂಜಾರ್‌ನೆಗಾರದ ಕೆಳಗೆ ಸೆರಾಯುವಿಗೆ ಮ್ರಿಚಾ ಅಣೆಕಟ್ಟು. 1980ರ ದಶಕದ ಕೊನೆಯಲ್ಲಿ ಮುಗಿದದ್ದು, 180 ಮೆಗಾವಾಟ್ ವಿದ್ಯುತ್ತಿಗೆ. ನೀರಿಗೆಂದು ಕಟ್ಟಿದ ಜಾಗದ ಬಹುಪಾಲನ್ನು ನಾಲ್ಕು ದಶಕ ತುಂಬುವ ಮೊದಲೇ ಹೂಳು ಆಕ್ರಮಿಸಿದೆ. ಅಲ್ಲಿಯ ಎಂಜಿನಿಯರುಗಳು ಹೂಳನ್ನು ಕೆಳಗಿನ ಬಾಗಿಲುಗಳಿಂದ ಹೊರದೂಡುತ್ತಾರೆ. ಆ ಹೂಳಿನಲ್ಲಿ ದಿಯೆಂಗಿನ ಮಣ್ಣೆಷ್ಟು, ದಾರಿಯ ಹಳ್ಳಿಗಳದ್ದೆಷ್ಟು, ನದೀದಂಡೆಯದ್ದೆಷ್ಟು ಎಂಬ ಜಗಳಕ್ಕೆ ಕೊನೆಯಿಲ್ಲ. ಬೈಗುಳ ಮಾತ್ರ ಮೇಲಿನವರಿಗೆ.

ಯಜಮಾನರು ಬೈಗುಳಕ್ಕೆ ಒಗ್ಗಿದ್ದಾರೆ. ಒಲೆಗೆ ಇದ್ದಿಲು ಸೇರಿಸುತ್ತಾ ಅವರು ಹೇಳುವ ಲೆಕ್ಕ ಬೇರೆಯದೇ. ಹೊಲ ಅವರದಲ್ಲ, ಗೇಣಿಯದು. ಒಡೆಯರು ವೊನೊಸೋಬೊ ಪೇಟೆಯಲ್ಲಿದ್ದಾರೆ. ಗೇಣಿ ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಬೆಳೆ ಬರಲು ನೂರು ದಿನ ಚಿಲ್ಲರೆ. ಒಳವಾಲಿನ ಪಾವಟಿಗೆ ಕಡಿಯಲು ಆಳುಕೂಲಿ ಒಂದು ಬೆಳೆಯ ಲಾಭವನ್ನೂ ಮೀರುತ್ತದೆ, ಕಡಿದ ಮೊದಲ ವರ್ಷ ಒಳಮಣ್ಣು ಮೇಲೆ ಬಂದು ಇಳುವರಿಯೂ ಬೀಳುತ್ತದೆ. ಎರಡನೆಯ ವರ್ಷ ಆ ಹೊಲ ಯಾರ ಕೈಲಿರುತ್ತದೋ!

ಹಾಗೆಂದು ಸುಮ್ಮನೆ ಕೂತಿಲ್ಲ. ಈ ಸಲ ಅವರು ಪ್ರತಿ ನಾಲ್ಕನೆಯ ಸಾಲಿನ ತುದಿಯಲ್ಲಿ ಮೊಳದಾಳದ ಗುಂಡಿ ತೆಗೆದಿದ್ದಾರೆ. ಹರಿದು ಬಂದ ಮಣ್ಣು ಅಲ್ಲಿ ತಂಗುತ್ತದೆ. ಬೋದುಗಳನ್ನು ನೆಟ್ಟಗೆ ಬಿಡದೆ ಒಂದಿಷ್ಟು ಓರೆ ಮಾಡಿದ್ದಾರೆ. ನೀರು ನಿಲ್ಲಲೂ ಬಾರದು, ಧುಮುಕಲೂ ಬಾರದು. ಕೆಳಗಿನ ಅಂಚಿನಲ್ಲಿ ಕಾರಿಕಾ ಗಿಡ ಹಾಕಿದ್ದಾರೆ. ಬೆಟ್ಟದ ಪರಂಗಿ ಅದು, ದಿಯೆಂಗಿಗೆ ಬಂದವರೆಲ್ಲ ಸಕ್ಕರೆಪಾಕದಲ್ಲಿ ಅದ್ದಿದ ಅದರ ಹಣ್ಣಿನ ಬಾಟಲಿ ಕೊಂಡುಹೋಗುತ್ತಾರೆ. ಹಣ್ಣು ಮಾರಿದರೆ ದುಡ್ಡು ಬರುತ್ತದೆಂದೇ ಹಾಕಿದ್ದು, ಬೇರು ಮಣ್ಣು ಹಿಡಿದರೆ ಅದು ಮೇಲಿನ ಲಾಭ.

‘ನಾಳೆ ಬೆಳಿಗ್ಗೆ ಬನ್ನಿ, ಗುಂಡಿ ತೋಡಬೇಕು’ ಎನ್ನುತ್ತಾರೆ. ತುಂಬಿದ ಗುಂಡಿಯ ಮಣ್ಣನ್ನು ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ, ಬೆನ್ನ ಮೇಲೆ ಹೊತ್ತು, ಅದೇ ಸಾಲಿನಲ್ಲಿ ಹತ್ತಿ ಹೋಗಿ ಗುಡ್ಡದ ಭುಜದ ಮೇಲೆ ಸುರಿಯುವುದು. ಎಷ್ಟು ಚೀಲ ಎಂದು ನೀವು ಕೇಳುತ್ತೀರಿ. ಯಜಮಾನತಿ ಬಾಣಲೆಯಿಂದ ಕಣ್ಣೆತ್ತದೆ ಉತ್ತರಿಸುತ್ತಾರೆ: ‘ಅವರು ಹೊರೋದಾದರೆ ಹತ್ತು, ನಾನು ಹೊರೋದಾದರೆ ಮೂವತ್ತು.’